ತಾನಾಗಿ ಆರಿಹೋಗುವ ಕಂಪ್ಯೂಟರು

ಕಾಸರಗೋಡಿನ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆಯ ಕಾಲವು ಲಿಖಿತ ಪರೀಕ್ಷೆಗಳಿಗಿಂತ ಮೊದಲೇ, ಶಾಲೆಯ ಕಂಪ್ಯೂಟರು ಕೊಠಡಿಯಲ್ಲಿ ಆರಂಭವಾಗುತ್ತದೆ. ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆಯನ್ನು ಯಂತ್ರದ ಮುಂದೆ ಕುಳಿತೇ ಮಾಡಬೇಕು. ಪಠ್ಯಪುಸ್ತಕವು ಕನ್ನಡದಲ್ಲಿಯೇ ಇದೆಯಾದರೂ ಇನ್ಕ್‌ಸ್ಕೇಪಿನಲ್ಲಿ ಚಿತ್ರ ಬಿಡಿಸುವುದು ಓದಿ ಬರುವ ವಿದ್ಯೆಯಲ್ಲ, ಕೈ ಪಳಗಬೇಕು. ಆದುದರಿಂದ ಅನೇಕ ಮನೆಗಳಲ್ಲಿ ಅಣ್ಣನೋ ಸೋದರಮಾವನೋ ಬಳಸಿ ಬಿಟ್ಟ ಹಳೆಯ ಡೆಸ್ಕ್‌ಟಾಪು ಮತ್ತೆ ಮೇಜಿಗೆ ಬರುತ್ತದೆ. ಸೆಕೆ ಏರತೊಡಗುವ ಆ ದಿನಗಳಲ್ಲಿಯೇ ಅದು ಕೆಲಸದ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ ಆರಿಹೋಗುತ್ತದೆ.

ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋಗಿ ‘ಆಫ್ ಆಗುತ್ತದೆ’ ಎಂದಷ್ಟೇ ಹೇಳಿದರೆ ದೊರೆಯುವ ಉತ್ತರ ಬಹುಪಾಲು ಒಂದೇ: ‘ಬೋರ್ಡು ಹೋಗಿದೆ.’ ದುರಸ್ತಿಯವನನ್ನು ಇದಕ್ಕಾಗಿ ದೂರುವಂತಿಲ್ಲ. ರೋಗಿಯು ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದರೆ ವೈದ್ಯನಾದರೂ ಏನು ಮಾಡಿಯಾನು? ಆದರೆ ಆ ಒಂದು ಮಾತಿನಿಂದ ಯಂತ್ರವು ಗುಜರಿಗೆ ಸೇರುತ್ತದೆ, ಮಗುವಿನ ಅಭ್ಯಾಸ ನಿಲ್ಲುತ್ತದೆ. ತಾನಾಗಿ ಆರಿಹೋಗುವ ಯಂತ್ರವು ಅನೇಕ ವೇಳೆ ಸತ್ತ ಯಂತ್ರವಲ್ಲ; ಸುಟ್ಟುಹೋಗದಂತೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರುವ ಯಂತ್ರ.

ಪೆಟ್ಟಿಗೆಯೊಳಗಿನ ಪ್ರೊಸೆಸರಿನ ಚಿಪ್ಪು ಹೆಬ್ಬೆರಳ ಉಗುರಿನಷ್ಟೇ ಇರುತ್ತದೆ. ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಅದು ಪೂರ್ಣಶ್ರಮದಲ್ಲಿರುವಾಗ 50ರಿಂದ 65 ವ್ಯಾಟಿನಷ್ಟು ಶಾಖವನ್ನು ಹೊರಗೆಡಹುತ್ತದೆ. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟಿನ ಬುರುಡೆ ಬಲ್ಬನ್ನು ಬರಿಗೈಯಿಂದ ಮುಟ್ಟಿದವರಿಗೆ ಆ ಶಾಖದ ಅಂದಾಜು ಇದ್ದೇ ಇರುತ್ತದೆ. ಅಷ್ಟು ಶಾಖವು ಅಷ್ಟು ಚಿಕ್ಕ ಜಾಗದಿಂದ ಹೊರಹೋಗಬೇಕಾದುದರಿಂದ ಪ್ರೊಸೆಸರಿನ ಮೇಲೆ ತೆಳುವಾದ ಹಲವು ರೆಕ್ಕೆಗಳುಳ್ಳ ಲೋಹದ ಹೀಟ್‌ಸಿಂಕನ್ನೂ ಅದರ ಮೇಲೊಂದು ಫ್ಯಾನನ್ನೂ ಕೂರಿಸಿರುತ್ತಾರೆ. ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅವುಗಳಲ್ಲಿ ಗಾಳಿ ನಿಂತರೆ ಶಾಖ ದಾಟುವುದಿಲ್ಲ. ಆ ಸಂದುಗಳನ್ನು ತುಂಬುವುದಕ್ಕಾಗಿಯೇ ಥರ್ಮಲ್ ಪೇಸ್ಟು ಎಂಬ ಬೂದುಬಣ್ಣದ ಲೇಪ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಶಾಖ ಏರುತ್ತದೆ. ಹೆಚ್ಚಿನ ಇಂಟೆಲ್ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬರುತ್ತಲೇ ಮೊದಲು ತಮ್ಮ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ‘ಮಧ್ಯಾಹ್ನವಾದರೆ ಕಂಪ್ಯೂಟರು ನಿಧಾನ’ ಎಂದು ಮಕ್ಕಳು ಗೊಣಗುವುದರಲ್ಲಿ ಹೀಗೆ ಸತ್ಯವಿರುತ್ತದೆ. ಅದರಿಂದಲೂ ತಣಿಯದಿದ್ದರೆ ವಿದ್ಯುತ್ತನ್ನೇ ಕಡಿದುಕೊಳ್ಳುತ್ತವೆ.

ಕೊಠಡಿಯ ಸೆಕೆಯೂ ಲೆಕ್ಕಕ್ಕೆ ಬರುತ್ತದೆ. ಫ್ಯಾನು ಗಾಳಿಯನ್ನು ಬೀಸುತ್ತದೆಯೇ ಹೊರತು ತಂಪನ್ನು ಉತ್ಪಾದಿಸುವುದಿಲ್ಲ. ಹೆಂಚಿನ ಮಾಡಿನ ಕೆಳಗಿನ ಉಷ್ಣತೆ ಬೆಳಗಿನ 25 ಡಿಗ್ರಿಯಿಂದ ಮಧ್ಯಾಹ್ನ 35ಕ್ಕೆ ಏರಿದರೆ ಪ್ರೊಸೆಸರಿನ ಉಷ್ಣತೆಯೂ ಸುಮಾರು ಅಷ್ಟೇ ಮೇಲೇರುತ್ತದೆ. ಬೆಳಗ್ಗೆ ನೆಟ್ಟಗಿದ್ದ ಯಂತ್ರ ಮೂರು ಗಂಟೆಗೆ ಕೈಕೊಡುವುದು ಇದರಿಂದಲೇ.

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಗಡಿಯಾರವನ್ನು ನೋಡುವುದು ಲೇಸು. ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಆರಿದರೆ ಹೀಟ್‌ಸಿಂಕು ಪ್ರೊಸೆಸರಿಗೆ ತಾಗಿಕೊಂಡೇ ಇಲ್ಲವೆಂಬ ಸಂಶಯ ಮೊದಲು ಬರಬೇಕು. ಇಪ್ಪತ್ತು ಮೂವತ್ತು ನಿಮಿಷ ನಡೆದು, ಅದೂ ಭಾರವಾದ ಕೆಲಸ ಕೊಟ್ಟಾಗ ಆರಿದರೆ, ಧೂಳು ಅಥವಾ ಒಣಗಿದ ಪೇಸ್ಟು. ತಂಪು ಹೊತ್ತಿನಲ್ಲಿಯೂ, ಏನೂ ಕೆಲಸವಿಲ್ಲದಿರುವಾಗಲೂ ಮನಬಂದಂತೆ ಆರುತ್ತಿದ್ದರೆ ಅದು ಶಾಖದ ದೋಷವಾಗಿರಲಾರದು; ವಿದ್ಯುತ್ತಿನ ಏರಿಳಿತವನ್ನೋ ಎಸ್‌ಎಂಪಿಎಸ್ಸನ್ನೋ ಶಂಕಿಸಬೇಕು. ಆನ್ ಮಾಡಿದೊಡನೆ ‘ಸಿಪಿಯು ಫ್ಯಾನ್ ಎರರ್’ ಎಂಬ ಬರಹ ಪರದೆಯಲ್ಲಿ ಮೂಡಿದರೆ ಯಂತ್ರವೇ ತನ್ನ ನೋವನ್ನು ಹೇಳಿದಂತಾಯಿತು. ಫ್ಯಾನಿನ ತಂತಿಗಳಲ್ಲಿ ಒಂದು, ಫ್ಯಾನು ಎಷ್ಟು ವೇಗದಲ್ಲಿ ತಿರುಗುತ್ತಿದೆಯೆಂದು ಬೋರ್ಡಿಗೆ ವರದಿ ಮಾಡಲಿಕ್ಕೆಂದೇ ಇರುವುದು. ಎಫ್1 ಒತ್ತಿ ಆ ಎಚ್ಚರಿಕೆಯನ್ನು ದಾಟಿ ಮುಂದುವರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ಒಳ್ಳೆಯದಲ್ಲ.

ಅಂಕಿಗಳೂ ದೊರೆಯುತ್ತವೆ. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತಿ ಬಯೋಸ್ ಒಳಗೆ ಹೋದರೆ ಪ್ರೊಸೆಸರಿನ ಉಷ್ಣತೆ, ಫ್ಯಾನಿನ ವೇಗ ಎರಡೂ ಕಾಣುತ್ತವೆ. ಶಾಲೆಗಳಲ್ಲಿ ಬಳಕೆಯಲ್ಲಿರುವ ಉಬುಂಟುವಿನಲ್ಲಾದರೆ ಎಲ್‌ಎಂ-ಸೆನ್ಸರ್ಸ್ ಎಂಬ ತಂತ್ರಾಂಶವನ್ನು ಹಾಕಿಕೊಂಡು ಟರ್ಮಿನಲ್ಲಿನಲ್ಲಿ ‘ಸೆನ್ಸರ್ಸ್’ ಎಂದು ಟೈಪಿಸಿದರೆ ಸಾಕು. ಸುಮ್ಮನಿರುವಾಗ 40ರಿಂದ 55, ದುಡಿಯುವಾಗ 70ರಿಂದ 80 ಡಿಗ್ರಿ ಇದ್ದರೆ ಚಿಂತೆಯಿಲ್ಲ. ಸುಮ್ಮನಿರುವಾಗಲೇ 80ನ್ನು ದಾಟಿದರೆ ಕವಚವನ್ನು ಬಿಚ್ಚಲೇಬೇಕು.

ಬಿಚ್ಚುವುದಕ್ಕೆ ಹಿರಿಯರೊಬ್ಬರು ಜೊತೆಗಿರಬೇಕು. ಸ್ವಿಚ್ ಆರಿಸಿದರೆ ಸಾಲದು, ಗೋಡೆಯ ಪ್ಲಗ್ಗನ್ನೇ ಕಿತ್ತಿಡಬೇಕು. ಪಕ್ಕದ ತಗಡನ್ನು ಸರಿಸಿದಾಗ ಕಾಣುವ ದೃಶ್ಯ ಈ ನಾಡಿನವರಿಗೆ ಅಪರಿಚಿತವಲ್ಲ: ಮುರಕಲ್ಲಿನ ಕೆಂಪು ಧೂಳು, ಅಂಗಳದಲ್ಲಿ ಅಡಿಕೆ ಸುಲಿದಾಗ ಹಾರಿದ ಸಿಪ್ಪೆಯ ನಾರು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. ಕರಾವಳಿಯ ತೇವದಿಂದ ಧೂಳು ಅಂಟಂಟಾಗಿ, ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕುಳಿತಿರುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ, ಆದರೆ ಗಾಳಿ ಕೆಳಗಿಳಿಯುವುದಿಲ್ಲ. ‘ಫ್ಯಾನು ಸರಿಯಾಗಿಯೇ ಇದೆಯಲ್ಲ’ ಎಂದು ಜನ ಮೋಸಹೋಗುವುದು ಇಲ್ಲಿಯೇ.

ಮೆತ್ತನೆಯ ಒಣ ಬ್ರಷ್ಷು ಮತ್ತು ಬ್ಲೋವರು ಇದಕ್ಕೆ ಸಾಕು. ಒದ್ದೆ ಬಟ್ಟೆ ಕೂಡದು. ಬಾಯಿಯಿಂದ ಊದುವುದೂ ಬೇಡ, ಉಸಿರಿನ ಜೊತೆ ತೇವವೂ ಹೋಗುತ್ತದೆ. ಬ್ಲೋವರಿನಿಂದ ಊದುವಾಗ ಫ್ಯಾನಿನ ಎಸಳು ತಿರುಗದಂತೆ ಬೆರಳಿನಿಂದಲೋ ಪೆನ್ಸಿಲಿನಿಂದಲೋ ತಡೆದು ಹಿಡಿಯಬೇಕು. ಮಿತಿಮೀರಿ ತಿರುಗಿದರೆ ಅದರ ಬೇರಿಂಗು ಕೆಡುತ್ತದೆ. ಬೋರ್ಡನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬರಿ ಲೋಹವನ್ನು ಒಮ್ಮೆ ಮುಟ್ಟಿದರೆ ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿಯುತ್ತದೆ. ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳು ಅಪಾಯಕರ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಅದರ ಧೂಳನ್ನು ಹೊರಗಿನ ಜಾಲರಿಯ ಮೂಲಕವೇ ತೆಗೆದರೆ ಸಾಕು.

ಅನಂತರ ಹೀಟ್‌ಸಿಂಕನ್ನು ಮೆಲ್ಲನೆ ಅಲುಗಿಸಿ ನೋಡಬೇಕು. ಇಂಟೆಲ್ ಪ್ರೊಸೆಸರುಗಳ ಜೊತೆಗೆ ಬರುತ್ತಿದ್ದ ದುಂಡನೆಯ ಹೀಟ್‌ಸಿಂಕು ನಾಲ್ಕು ಪ್ಲಾಸ್ಟಿಕ್ ಗೂಟಗಳ ಮೇಲೆ ನಿಂತಿರುತ್ತದೆ. ಯಂತ್ರವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಜೀಪಿನಲ್ಲಿ ಸಾಗಿಸುವಾಗ ಅವುಗಳಲ್ಲೊಂದು ಕಳಚಿಕೊಳ್ಳುವುದು ಅಪರೂಪವಲ್ಲ. ಒಂದು ಗೂಟ ಮೇಲೆದ್ದರೂ ಹೀಟ್‌ಸಿಂಕು ಓರೆಯಾಗಿ, ಲೋಹವು ಲೋಹಕ್ಕೆ ಸರಿಯಾಗಿ ಕೂಡುವುದಿಲ್ಲ. ಹೊಸ ಬೋರ್ಡು ಬೇಕೆಂದು ತೀರ್ಮಾನವಾದ ಯಂತ್ರವನ್ನು ಒಂದು ಗೂಟವು ‘ಟಕ್’ ಎಂಬ ಸದ್ದಿನೊಡನೆ ಬದುಕಿಸಿಬಿಡುವುದೂ ಉಂಟು. ಹೀಟ್‌ಸಿಂಕನ್ನು ಪೂರ್ತಿಯಾಗಿ ತೆಗೆಯಬೇಕಾಗಿ ಬಂದರೆ, ಮರಳಿ ಕೂರಿಸುವ ಮೊದಲು ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿಯಷ್ಟು ಹೊಸ ಪೇಸ್ಟನ್ನು ನಡುವೆ ಇಟ್ಟು, ಗೂಟಗಳನ್ನು ಎದುರುಬದುರಾಗಿ ಒತ್ತಬೇಕು. ಹೆಚ್ಚು ಪೇಸ್ಟು ಬಳಿದರೆ ಹೆಚ್ಚು ತಂಪು ಎಂಬುದು ಭ್ರಮೆ.

ಇಷ್ಟಾದರೂ ಉಷ್ಣತೆ ಇಳಿಯದಿದ್ದರೆ ಇನ್ನೊಂದು ಪರೀಕ್ಷೆಯಿದೆ. ಪಕ್ಕದ ತಗಡನ್ನು ತೆಗೆದಿಟ್ಟೇ, ಒಳಗೆ ಯಾರೂ ಕೈಹಾಕದಂತೆ, ಹದಿನೈದು ನಿಮಿಷ ನಡೆಸಿ ನೋಡಬೇಕು. ಅಂಕಿ ಹತ್ತು ಡಿಗ್ರಿಯಷ್ಟು ಇಳಿದರೆ ಪೆಟ್ಟಿಗೆಯೊಳಗೆ ಗಾಳಿಯ ಸಂಚಾರವಿಲ್ಲವೆಂದು ಅರ್ಥ. ಹಿಂದಿನ ಫ್ಯಾನು ನಿಂತಿರಬಹುದು, ಇಲ್ಲವೇ ಅದನ್ನು ತಿರುವುಮುರುವಾಗಿ ಜೋಡಿಸಿ ಬಿಸಿಗಾಳಿಯನ್ನು ಒಳಗೇ ತಳ್ಳುವಂತೆ ಮಾಡಿರಬಹುದು. ಇಳಿಯಲೇ ಇಲ್ಲವೆಂದಾದರೆ ದೋಷವು ಹೀಟ್‌ಸಿಂಕಿನ ಜೋಡಣೆಯಲ್ಲಿಯೋ ಅದರ ಫ್ಯಾನಿನಲ್ಲಿಯೋ ಇದೆ. ಫ್ಯಾನು ಗುರುಗುಟ್ಟುತ್ತಿದ್ದರೆ, ಬೆರಳಿನಿಂದ ತಿರುಗಿಸಿ ಬಿಟ್ಟಾಗ ತಟ್ಟನೆ ನಿಂತರೆ, ಅದನ್ನು ಬದಲಾಯಿಸುವುದೇ ದಾರಿ. ಅದರ ಬೆಲೆ ಬೋರ್ಡಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ.

ಅಂಗಡಿಗೇ ಹೋಗಬೇಕಾಗಿ ಬಂದರೂ, ‘ಚಾಲೂ ಮಾಡಿ ಇಪ್ಪತ್ತು ನಿಮಿಷಕ್ಕೆ 95 ಡಿಗ್ರಿಯಾಗುತ್ತದೆ, ತಗಡು ತೆಗೆದರೂ ಇಳಿಯುವುದಿಲ್ಲ’ ಎಂದು ಚೀಟಿಯಲ್ಲಿ ಬರೆದು ಒಯ್ದ ಹೆತ್ತವರಿಗೆ ಬೋರ್ಡಿನ ಮಾತು ಅಷ್ಟು ಸುಲಭವಾಗಿ ಎದುರಾಗದು.

ಹೇಳಲೇಬೇಕಾದ ಇನ್ನೊಂದು ಸಂಗತಿ ಕಸೂತಿಯ ಹೊದಿಕೆಯದು. ಪ್ರೀತಿಯಿಂದ ಹೆಣೆದ ಆ ಬಟ್ಟೆಯನ್ನು ಯಂತ್ರವು ಓಡುತ್ತಿರುವಾಗಲೂ ಪೆಟ್ಟಿಗೆಯ ಮೇಲೆ ಇಳಿಬಿಡುವ ವಾಡಿಕೆ ಅನೇಕ ಮನೆಗಳಲ್ಲಿದೆ. ಮೇಜಿನ ಕೆಳಗಿನ ಬಾಗಿಲಿರುವ ಗೂಡಿನೊಳಗೆ ಪೆಟ್ಟಿಗೆಯನ್ನು ತುರುಕುವುದೂ ಇದೆ. ಹಿಂಬದಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವಿರಲಿ, ಹೊದಿಕೆಯು ಆರಿಸಿದ ಮೇಲಿರಲಿ.

ಶಾಲೆಯ ಕಂಪ್ಯೂಟರು ಕೊಠಡಿಯಲ್ಲಿ ಈ ಕೆಲಸಕ್ಕೆ ತಕ್ಕ ಕಾಲ ಪರೀಕ್ಷೆಗೆ ಒಂದು ತಿಂಗಳು ಮುಂಚಿನದು. ರಕ್ಷಕ ಶಿಕ್ಷಕ ಸಂಘದವರು ಒಂದು ಶನಿವಾರ ಬ್ಲೋವರು ತಂದು ಅಧ್ಯಾಪಕರೊಡನೆ ಕುಳಿತರೆ ಮುಗಿಯಿತು. ಏಪ್ರಿಲ್, ಮೇ ರಜೆಯಲ್ಲಿ ಮುಚ್ಚಿದ ಕೊಠಡಿಯು ಜೂನಿನಲ್ಲಿ ತೆರೆಯುವಾಗ ಮಳೆ ಹಿಡಿದಿರುತ್ತದೆ. ಆಗ ಧೂಳು ನೆನೆದು ಕೆಸರಿನಂತಾಗುವುದರಿಂದ, ರಜೆ ಮುಗಿಯುವ ಮುನ್ನ ಇನ್ನೊಮ್ಮೆ ಗುಡಿಸಿ, ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆಯಾದರೂ ಪ್ರತಿ ಯಂತ್ರವನ್ನು ಅರ್ಧ ಗಂಟೆ ಚಾಲೂ ಇಡಬೇಕು. ಒಳಗಿನ ತೇವ ಆ ಬಿಸಿಗೇ ಆರುತ್ತದೆ.