ತಿಟ್ಟಿನ ಗೂಡು ಎಣಿಸೋದು ರೈತರ ಕೆಲಸವೂ ಹೌದು

ಉಳುಮೆ ಹೊತ್ತಿಗೆ ಬೆಳ್ಳಕ್ಕಿ ಗದ್ದೆಗೆ ಇಳಿದ್ರೆ "ಹುಳ ತಿನ್ನುತ್ತೆ, ಬರ್ಲಿ ಬಿಡು" ಅಂತೀವಿ. ನಾಟಿ ಮಾಡಿದ ಮಾರನೇ ದಿನ ಬಂದ್ರೆ "ಪೈರು ತುಳಿಯುತ್ತೆ, ಓಡಿಸು" ಅಂತೀವಿ. ಸಂಜೆ ಅವು ಎಲ್ಲಿಗೆ ಹೋಗ್ತವೆ, ಎಷ್ಟು ಮರಿ ಮಾಡ್ತವೆ ಅಂತ ಕೇಳೋರು ಕಡಿಮೆ. ಅದನ್ನು ಕೇಳಬೇಕಾದವರು, ಎಣಿಸಬೇಕಾದವರು ನಾವೇ ಅನ್ನೋದು ನನ್ನ ಅಭಿಪ್ರಾಯ.

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು ಎಲ್ಲರಿಗೂ ಗೊತ್ತು. ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೇ ಕಟ್ಟೆಯಿಂದ ಆದ ನಡುಗಡ್ಡೆಗಳು ಅವು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣವೂ ಆಯಿತು. ಇರುಳು ಬಕ, ಬೆಳ್ಳಕ್ಕಿ, ಬಾಯ್ಕಳಕ, ಬಣ್ಣದ ಕೊಕ್ಕರೆ ಎಲ್ಲವೂ ಅಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಅಲ್ಲಿ ನೋಡಿಕೊಳ್ಳೋಕೆ ಅರಣ್ಯ ಇಲಾಖೆ ಇದೆ. ಆದರೆ ಹೊಳೆಯುದ್ದಕ್ಕೂ ಹೆಸರಿಲ್ಲದ ಸಣ್ಣ ತಿಟ್ಟುಗಳೂ ಇವೆ. ಅವನ್ನು ದಿನಾ ನೋಡೋರು ಮೋಟಾರ್ ಹಾಕೋಕೆ ಹೋಗುವ ನಾವು ಮಾತ್ರ.

ಇದರಿಂದ ರೈತನಿಗೇನು ಲಾಭ? ಬಕಗಳು ಮರಿಗೆ ತರುವ ಮೀನು, ಕಪ್ಪೆ, ಏಡಿ, ಹುಳ ಎಲ್ಲವೂ ಸುತ್ತಲಿನ ಗದ್ದೆ, ನಾಲೆಯದ್ದೇ. ಬದು ತೂತು ಮಾಡುವ ಏಡಿಗೆ ಕಾರ್ಬೋಫ್ಯೂರಾನ್ ಹರಳು ಹಾಕಿದ್ರೆ, ಆ ಏಡಿ ತಿಂದ ಹಕ್ಕಿಯೂ ಸಾಯಬಹುದು, ಗೂಡಲ್ಲಿರುವ ಮರಿಯೂ ಉಪವಾಸ ಸಾಯುತ್ತೆ. ಮಣ್ಣು ಪರೀಕ್ಷೆಯ ಚೀಟಿ ಹೊಲದ ಸ್ಥಿತಿ ಹೇಳುವ ಹಾಗೆ, ಗೂಡಿನ ಲೆಕ್ಕ ಇಡೀ ಬಯಲಿನ ಸ್ಥಿತಿ ಹೇಳುತ್ತೆ. ಒಂದು ವರ್ಷ ಗೂಡು ಕಡಿಮೆಯಾದ ತಕ್ಷಣ ಔಷಧಿಯನ್ನೇ ದೂರಬೇಡಿ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ತಗ್ಗಿನ ತಿಟ್ಟುಗಳು ಮುಳುಗುತ್ತವೆ, ಮರ ಬಿದ್ದಿರಬಹುದು, ಜನರ ಕಾಟವೂ ಇರಬಹುದು. ಅದಕ್ಕೇ ನಾಲ್ಕೈದು ವರ್ಷದ ಲೆಕ್ಕ ಬೇಕು.

ನನ್ನ ತಪ್ಪೊಂದನ್ನು ಹೇಳಿಬಿಡ್ತೀನಿ. ಓದು ಮುಗಿಸಿ ಊರಿಗೆ ಬಂದ ಹೊಸದರಲ್ಲಿ ಗೆಳೆಯರ ಜೊತೆ ತೆಪ್ಪದಲ್ಲಿ ತಿಟ್ಟಿಗೆ ಹೋಗಿದ್ದೆ, ಫೋಟೋಗೆ. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ನಾವು ಖುಷಿಯಾಗಿ ಕ್ಲಿಕ್ಕಿಸ್ತಿದ್ದಾಗಲೇ ಕಾಗೆಗಳು ಗೂಡಿಗಿಳಿದು ಮೊಟ್ಟೆ ಎತ್ತಿಕೊಂಡು ಹೋದವು. ಅವತ್ತಿನಿಂದ ದಡ ಬಿಟ್ಟು ಹೋಗಿಲ್ಲ.

ಎಣಿಸುವ ಕ್ರಮ ಸುಲಭ:

1. ದಡದಲ್ಲಿ ಒಂದೇ ಜಾಗ ಗುರುತು ಮಾಡಿಕೊಳ್ಳಿ. ಪ್ರತಿ ಸಲ ಅಲ್ಲೇ ನಿಂತು, ಅದೇ ಹೊತ್ತಲ್ಲಿ, ಅದೇ ಅಳತೆಯ ಫೋಟೋ ತೆಗೀರಿ.
2. ಹಕ್ಕಿ ಕೂತಿರುವ ಅಥವಾ ಮರಿ ಕಾಣುವ ಗೂಡು ಮಾತ್ರ ಎಣಿಸಿ. ಖಾಲಿ ಗೂಡನ್ನು ಬೇರೆ ಬರೆದುಕೊಳ್ಳಿ.
3. ಹದಿನೈದು ದಿನಕ್ಕೊಮ್ಮೆ ಸಾಕು. ಬೂದು ಬಕ ಕಾವು ಕೂರೋದೇ ಸುಮಾರು 25 ದಿನ, ಆಮೇಲೆ ಮರಿ ಹಾರೋಕೆ ಏಳೆಂಟು ವಾರ.
4. ನೀರಿನ ಮಟ್ಟ, ಬಿದ್ದ ಮರ, ಸತ್ತ ಹಕ್ಕಿ ಎಲ್ಲವನ್ನೂ ದಿನಾಂಕ ಹಾಕಿ ಬರೆಯಿರಿ.
5. ಡ್ರೋನ್ ಬೇಡವೇ ಬೇಡ. ಗೂಡಿನ ಜಾಗದ ಲೊಕೇಶನ್ ಹಾಕಿ ರೀಲ್ಸ್ ಮಾಡೋದೂ ಬೇಡ.

"ಲೆಕ್ಕ ಕೊಟ್ರೆ ನಾಳೆ ಇಲಾಖೆಯವರು ಬಂದು ನಮ್ಮ ಜಮೀನಿಗೇ ನಿರ್ಬಂಧ ಹಾಕಿದ್ರೆ?" ಅಂತ ಗೆಳೆಯನೊಬ್ಬ ಕೇಳಿದ. ಈ ಭಯ ಸುಳ್ಳಲ್ಲ. ಆದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಮರದ ಯಜಮಾನರಿಗೆ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬಂತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿ ಉಳಿಯಿತು, ಊರೂ ಉಳಿಯಿತು.

ನಮ್ಮ ಕೈಯಲ್ಲಿ ಲೆಕ್ಕ ಇಲ್ಲದಿದ್ರೆ ತೀರ್ಮಾನ ಬೇರೆಯವರದ್ದಾಗುತ್ತೆ. ಲೆಕ್ಕ ಇದ್ರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಬಹುದು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಗೂ ಸೇರಿಸಬಹುದು.

ಮುಂದಿನ ಸಲ ಮೋಟಾರ್ ಆನ್ ಮಾಡೋಕೆ ಹೊಳೆಗೆ ಹೋದಾಗ ಹತ್ತು ನಿಮಿಷ ನಿಲ್ಲಿ. ಒಂದು ಫೋಟೋ, ಒಂದು ಅಂಕಿ, ಒಂದು ದಿನಾಂಕ. ಶುರು ಮಾಡೋಕೆ ಅಷ್ಟು ಸಾಕು.