ಆಕಾಶದ ಹೆಸರು ಅಂಗಡಿಯ ಸರಕಲ್ಲ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಿರಂಗೂರಿನ ನಮ್ಮ ಮನೆಗೆ ಮಗಳೊಡನೆ ಬಂದಿದ್ದ. ಆಕೆಯ ಹುಟ್ಟುಹಬ್ಬಕ್ಕೆಂದು ಯಾವುದೋ ಸಂಸ್ಥೆಗೆ ಮೂರು ಸಾವಿರ ರೂಪಾಯಿ ತೆತ್ತು ಒಂದು ಕ್ಷುದ್ರಗ್ರಹಕ್ಕೆ ಅವಳ ಹೆಸರಿಡಿಸಿದ್ದನಂತೆ. ಚಿನ್ನದಂಚಿನ ಪ್ರಮಾಣಪತ್ರವನ್ನು ಹೆಮ್ಮೆಯಿಂದ ತೋರಿಸಿದ. ಮಗುವಿನ ಮುಖ ನೋಡಿ ಸತ್ಯವನ್ನು ನುಡಿಯಲಾರದೆ ಸುಮ್ಮನಾದೆ. ಆ ಮೌನದ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ.

ಓದುಗ ಮಿತ್ರರೇ, ಅಂಥ ಪತ್ರಕ್ಕೆ ಕಾಗದದ ಬೆಲೆಗಿಂತ ಹೆಚ್ಚಿನ ಬೆಲೆಯಿಲ್ಲ. ಹೆಸರು ನಿಜವಾಗಿ ಬರುವ ದಾರಿಯೇ ಬೇರೆ.

1988ರ ಫೆಬ್ರವರಿ 17ರಂದು ಜವಾದಿ ಬೆಟ್ಟಗಳ ನಡುವಿನ ಕಾವಲೂರಿನಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿ ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹವನ್ನು ಕಂಡರು. ಅದು ಮಂಗಳ ಮತ್ತು ಗುರು ಗ್ರಹಗಳ ನಡುವಣ ಪಟ್ಟಿಗೆ ಸೇರಿದ್ದು. ಮದರಾಸಿನಲ್ಲಿ ಪಾಗ್ಸನ್ ತನ್ನ ಕೊನೆಯ ಕ್ಷುದ್ರಗ್ರಹವನ್ನು ಕಂಡದ್ದು 1885ರಲ್ಲಿ. ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಈ ನೆಲದಿಂದ ಮತ್ತೊಂದು ದೊರೆತಿತ್ತು. ಆದರೂ ಕಂಡೊಡನೆ ನಾಮಕರಣವಾಗಲಿಲ್ಲ. ಮೊದಲು ಸಿಕ್ಕಿದ್ದು 1988 ಡಿಕ್ಯೂ1 ಎಂಬ ತಾತ್ಕಾಲಿಕ ಗುರುತು. 'ಡಿ' ಎಂದರೆ ಫೆಬ್ರವರಿಯ ಉತ್ತರಾರ್ಧ. ಸ್ಥಿರ ನಕ್ಷತ್ರಗಳ ನಡುವೆ ಚುಕ್ಕಿಯೊಂದು ಸರಿದುದನ್ನು ಮತ್ತೆ ಮತ್ತೆ ಅಳೆದು, ಕಕ್ಷೆಯನ್ನು ಖಚಿತಪಡಿಸಿದ ಬಳಿಕವೇ 4130 ಎಂಬ ಕಾಯಂ ಸಂಖ್ಯೆ. ಅದಾದ ಮೇಲೆ ಹೆಸರು: ರಾಮಾನುಜನ್. 1920ರಲ್ಲಿ ಮೂವತ್ತೆರಡರ ಹರೆಯದಲ್ಲಿ ತೀರಿಕೊಂಡ ಆ ಗಣಿತಜ್ಞನ ಪರವಾಗಿ ಯಾರೂ ಒಂದು ಕಾಸನ್ನೂ ಕಟ್ಟಲಿಲ್ಲ.

ಹೆಸರನ್ನು ಸೂಚಿಸುವ ಹಕ್ಕು ಶೋಧಕನದು, ಅದೂ ಹತ್ತು ವರ್ಷಗಳ ಮಟ್ಟಿಗೆ. ಒಪ್ಪುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ರೋಮನ್ ಲಿಪಿಯಲ್ಲಿ ಹದಿನಾರು ಅಕ್ಷರ ಮೀರಬಾರದು. ಬರಿಯ ವ್ಯಾಪಾರದ ಹೆಸರು ಸಲ್ಲದು. ರಾಜಕಾರಣಿ, ಸೇನಾನಿಗಳಾದರೆ ಸತ್ತು ನೂರು ವರ್ಷ ಕಳೆದಿರಬೇಕು. ಬದುಕಿರುವಾಗಲೇ ವೃತ್ತಕ್ಕೂ ಬಸ್ ನಿಲ್ದಾಣಕ್ಕೂ ತಮ್ಮ ಹೆಸರು ಹಚ್ಚಿಸಿಕೊಳ್ಳುವ ನಮ್ಮ ನಾಯಕರಿಗೆ ಈ ನಿಯಮವೊಂದು ಪಾಠ!

"ಮಗುವಿನ ಸಂತೋಷಕ್ಕಾಗಿ ಅಲ್ಲವೇ ಸಾರ್, ಅದರಲ್ಲಿ ತಪ್ಪೇನು?" ಎಂದು ಕೇಳುವವರಿದ್ದಾರೆ. ತಪ್ಪಿದೆ. ಅಮೆರಿಕದ ಲಿಂಕನ್ ಪ್ರಯೋಗಾಲಯದವರು ತಾವು ಕಂಡ ಕ್ಷುದ್ರಗ್ರಹಗಳಿಗೆ ವಿಜ್ಞಾನ ಸ್ಪರ್ಧೆಗಳಲ್ಲಿ ಗೆದ್ದ ಶಾಲಾ ಮಕ್ಕಳ ಹೆಸರಿಟ್ಟಿದ್ದಾರೆ. ಭಾರತದ ಮಕ್ಕಳೂ ಅವರಲ್ಲಿದ್ದಾರೆ. ಆ ಮಕ್ಕಳು ಪ್ರಯೋಗ ಮಾಡಿ, ಸೋತು, ಮತ್ತೆ ಮಾಡಿ ಗಳಿಸಿದ ಗೌರವವದು. ದುಡಿಮೆಯಿಲ್ಲದೆ ಕೀರ್ತಿಯನ್ನು ಕೊಳ್ಳಬಹುದೆಂದು ಎಳೆಯ ಮನಸ್ಸಿಗೆ ಕಲಿಸುವುದು ಉಡುಗೊರೆಯಲ್ಲ, ವಂಚನೆ. ವ್ಯಾಪಾರಿ ತಂದೆಯನ್ನು ವಂಚಿಸಿದ. ತಂದೆ ಅರಿಯದೆಯೇ ಮಗಳನ್ನು ವಂಚಿಸಿದ. ಎಲ್ಲ ತಿಳಿದೂ ಬಾಯಿ ಮುಚ್ಚಿ ಕುಳಿತ ಮೇಷ್ಟರು ಇಬ್ಬರನ್ನೂ ವಂಚಿಸಿದೆ.

ಆದ್ದರಿಂದ ಆ ವಿದ್ಯಾರ್ಥಿಗೆ ಇಂದು ಹೀಗೆ ಹೇಳಿಕಳುಹಿಸಿದ್ದೇನೆ: ಒಂದು ಸಾಧಾರಣ ದುರ್ಬೀನು ತೆಗೆದುಕೊ. ವೆಸ್ಟಾ ಕಾಣುವ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಬಾ. ಹೆದ್ದಾರಿಯ ದೀಪಗಳಿಂದ ದೂರ, ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ನಾಲ್ಕಾರು ರಾತ್ರಿ ಅದರ ಸ್ಥಾನವನ್ನು ಅವಳೇ ನೋಟ್‌ಬುಕ್ಕಿನಲ್ಲಿ ಗುರುತಿಸಲಿ. ಚುಕ್ಕಿ ಸರಿದದ್ದನ್ನು ಆಕೆ ಸ್ವತಃ ಕಂಡ ರಾತ್ರಿ ಆ ಪ್ರಮಾಣಪತ್ರದ ಸಂಗತಿಯನ್ನು ನಾನೇ ಅವಳಿಗೆ ಹೇಳುತ್ತೇನೆ.