ದೆವ್ವದ ಮನೆಯೊಳಗೆ ಒಂದು ಲೆಕ್ಕ

1993ರಲ್ಲಿ ಅಮೆರಿಕದ ಟ್ರೈಲೋಬೈಟ್ ಸಂಸ್ಥೆಯು ರಚಿಸಿದ ‘ದಿ ಸೆವೆಂತ್ ಗೆಸ್ಟ್’ ಎಂಬ ಗಣಕದ ಆಟವು ಎರಡು ಸಿ.ಡಿ.ಗಳಲ್ಲಿ ಒಂದು ದೆವ್ವದ ಮನೆಯನ್ನು ತುಂಬಿಕೊಂಡು ಬಂದಿತು. ಆಟಗಾರನು ಕೋಣೆಯಿಂದ ಕೋಣೆಗೆ ಹೋಗಿ ಅಲ್ಲಲ್ಲಿನ ಸಮಸ್ಯೆಗಳನ್ನು ಬಿಡಿಸಬೇಕು. ಆದರೆ ನಡೆಯುವ ದಾರಿಯೆಲ್ಲ ಮೊದಲೇ ಚಿತ್ರಿಸಿಟ್ಟದ್ದು. ಕಂಬದ ಮರೆಗೆ ಇಣುಕುವಂತಿರಲಿಲ್ಲ. 2023ರಲ್ಲಿ ಅದೇ ಮನೆಯನ್ನು ವರ್ಚುವಲ್ ರಿಯಾಲಿಟಿಗಾಗಿ ಹೊಸದಾಗಿ ಕಟ್ಟಿದರು.

ಇದರ ಹೆಚ್ಚುಗಾರಿಕೆಯೇನು? ನಮ್ಮ ಕಣ್ಣುಗಳ ನಡುವಣ ಅಂತರ ಸುಮಾರು 6 ಸೆಂಟಿಮೀಟರು. ಆದುದರಿಂದ ಒಂದೇ ವಸ್ತುವಿನ ತುಸು ಭಿನ್ನವಾದ ಎರಡು ಬಿಂಬಗಳು ಮಿದುಳನ್ನು ಮುಟ್ಟುತ್ತವೆ; ಆಳದ ಅರಿವಿಗೆ ಈ ಭೇದವೇ ಮುಖ್ಯ ಆಧಾರ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಹೊರಟವರು ಇದನ್ನು ಬಲ್ಲರು. ತಲೆಗೆ ಧರಿಸುವ ಸಾಧನವು ಒಂದೊಂದು ಕಣ್ಣಿಗೂ ಬೇರೆ ಬೇರೆ ಚಿತ್ರವನ್ನೊದಗಿಸಿ, ತಲೆ ಹೊರಳಿದೊಡನೆ ಅದನ್ನು ಬದಲಿಸುತ್ತದೆ. ತಡವಾದರೆ ಓಕರಿಕೆ ಬರುತ್ತದೆ. ನಟರನ್ನೂ ಸುತ್ತಲಿನ ಹಲವು ಕ್ಯಾಮೆರಾಗಳಿಂದ ಸೆರೆಹಿಡಿದಿರುವುದರಿಂದ ಅವರಿಗೆ ಘನಾಕಾರ ಬಂದಿದೆ. (ಹಳೆಯ ಆಟದ ದೆವ್ವಗಳಿಗೆ ಬೆನ್ನೇ ಇರಲಿಲ್ಲ!)

ಭೌತಶಾಸ್ತ್ರ ಬೋಧಿಸುವ ನಮಗೆ ಇದು ಸಂತೋಷದ ಸಂಗತಿಯೇ. ಆದರೂ ಇಂತಹ ಆಟವನ್ನು ಮರಳಿ ಕಟ್ಟುವವರು ಮಸೂರಕ್ಕೆ ಕೊಡುವಷ್ಟೇ ಗಮನವನ್ನು ಸಮಸ್ಯೆಗೂ ಕೊಡಬೇಕೆಂದು ನಾವು ಹೇಳುತ್ತೇವೆ. ಭಯವು ಎರಡನೆಯ ಸಲಕ್ಕೆ ಅರ್ಧವಾಗುತ್ತದೆ. ಒಳ್ಳೆಯ ಲೆಕ್ಕ ಹಾಗಲ್ಲ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ 1794ರಲ್ಲಿ ಜನಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರು. ಅವು ಇಂದಿಗೂ ಬೆರಗು ಹುಟ್ಟಿಸುತ್ತವೆ. 1993ರ ಆಟದಲ್ಲಿಯೂ ಚದುರಂಗದ ಸಮಸ್ಯೆಯೊಂದಿತ್ತು: ಎಂಟು ರಾಣಿಗಳನ್ನು ಒಂದನ್ನೊಂದು ಹೊಡೆಯದಂತೆ ಇಡಬೇಕು. ಇದಕ್ಕೆ 92 ಉತ್ತರಗಳುಂಟು. ದೇವಲಾಪುರದ ಯಾವ ಜಗಲಿಯ ಮೇಲಾದರೂ ಸೀಮೆಸುಣ್ಣದ ಗೆರೆ, ಎಂಟು ಹುಣಿಸೆಬೀಜ ಸಾಕು. ಮೊದಲನೆಯ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯುವುದೆಂದು ವಿದ್ಯಾರ್ಥಿಗಳು ಗಡಿಯಾರವಿಟ್ಟು ನೋಡಲಿ.